ಅರ್ಧ ಸ್ವರ ಇಳಿದ ಕಿವಿ

"ಅಮ್ಮಾ, ಲಿಫ್ಟ್ ತಾತ ಯಾಕೆ ಅರ್ಧ ಮುಖಕ್ಕೆ ಮಾತ್ರ ಶೇವ್ ಮಾಡ್ಕೊಳ್ತಾರೆ?"

ಕೆಳಮನೆಯ ಐದು ವರ್ಷದ ಹುಡುಗಿ ಕೇಳಿದ್ದು ತನ್ನ ಅಮ್ಮನನ್ನು. ಆದರೆ ಲಿಫ್ಟ್ ತಾತ ಆಗ ಮೂರೇ ಮೆಟ್ಟಿಲು ಮೇಲೆ, ಕೈಯಲ್ಲಿ ಹಾಲಿನ ಪೊಟ್ಟಣ ಹಿಡಿದು, ಇವರಿಬ್ಬರಿಗೆ ದಾರಿ ಬಿಟ್ಟು ಗೋಡೆಗೆ ಒರಗಿ ನಿಂತಿದ್ದರು. ತಾಯಿಯ ಒಂದು ಕೈಯಲ್ಲಿ ಒದ್ದೆ ಬಟ್ಟೆಯ ಬಕೆಟ್ಟು, ಇನ್ನೊಂದರಲ್ಲಿ ಮಗಳ ಶೂ. ಬಾಯಿ ಮುಚ್ಚಿಸೋಣವೆಂದರೆ ಮೂರನೆಯ ಕೈ ಇರಲಿಲ್ಲ.

"ಆ ಕಡೆ ಬ್ಲೇಡಿಗೆ ರಜಾ ಕೊಟ್ಟಿದೀನಿ ಪುಟ್ಟಿ," ಎಂದರು ಅವರು. ನಗಲಿಲ್ಲ, ಮುಖ ಸಿಂಡರಿಸಲೂ ಇಲ್ಲ. ಎಷ್ಟನೇ ಮಹಡಿ ಎಂದು ಯಾರೋ ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ ಕೊಟ್ಟು ಮೇಲೆ ಹತ್ತಿದರು.

ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ ಲಿಫ್ಟ್ ಮೇಸ್ತ್ರಿ ಇರುವುದು ಆ ಬೀದಿಯ ಹಳೆಯ ತಮಾಷೆ. ಮೂವತ್ನಾಲ್ಕು ವರ್ಷದಿಂದ ಊರಿನ ಲಿಫ್ಟುಗಳನ್ನು ರಿಪೇರಿ ಮಾಡುತ್ತ ಬಂದವರು. ಉಳಿದ ಮೆಕ್ಯಾನಿಕ್ಕುಗಳು ಮೀಟರು ಹಿಡಿದು ಹೋದರೆ ಇವರು ಬರಿಗೈಯಲ್ಲಿ ಹೋಗುತ್ತಿದ್ದರು. ಲಿಫ್ಟಿನ ಒಳಗೆ ನಿಂತು, ಅಂಗೈಯನ್ನು ಬಾಗಿಲಿಗೆ ಊರಿ, ಕಣ್ಣು ಮುಚ್ಚಿ ಒಮ್ಮೆ ಮೇಲಕ್ಕೆ ಒಮ್ಮೆ ಕೆಳಕ್ಕೆ ಹೋಗಿಬಂದರೆ ಮುಗಿಯಿತು: ಬೇರಿಂಗ್ ಹೋಗಿದೆ, ಇಲ್ಲ ಹಗ್ಗ ಸಡಿಲ ಬಿದ್ದಿದೆ, ಇಲ್ಲ ನಾಲ್ಕನೇ ಮಹಡಿಯವರು ಬಾಗಿಲಿಗೆ ಏನೋ ಸಿಕ್ಕಿಸಿದ್ದಾರೆ. ಮೋಟಾರು ಯಾವ ಸ್ವರದಲ್ಲಿ ಗುಂಯ್‌ಗುಟ್ಟಬೇಕೆಂಬುದು ಅವರ ಕಿವಿಯಲ್ಲೇ ಇತ್ತು. ಹೋಲಿಸಿ ನೋಡಲು ಬೇರೆ ಏನೂ ಬೇಕಿರಲಿಲ್ಲ.

ವರ್ಷದ ಹಿಂದೆ ಬಲಗೆನ್ನೆಯ ನೋವು ಶುರುವಾಯಿತು. ಕರೆಂಟು ಹೊಡೆದ ಹಾಗೆ ಎಂದು ಬೇರೆಯವರು ಹೇಳಿದರೆ ಅದು ಬರೀ ಮಾತು. ಇವರಿಗೆ ನಿಜವಾದ ಕರೆಂಟಿನ ಪರಿಚಯವಿತ್ತು, ಎರಡಕ್ಕೂ ಏನೂ ವ್ಯತ್ಯಾಸವಿಲ್ಲ ಎಂದು ಅವರೇ ಅಂದರು. ನೀರು ಕುಡಿದರೆ ಬಡಿಯಿತು. ಫ್ಯಾನಿನ ಗಾಳಿ ತಾಕಿದರೆ ಬಡಿಯಿತು. ಹಲ್ಲಿನ ಡಾಕ್ಟರು ಗಟ್ಟಿಯಾಗಿದ್ದ ಎರಡು ದವಡೆ ಹಲ್ಲು ಕಿತ್ತು ಕೈಗೆ ಕೊಟ್ಟ ಮೇಲೂ ಬಡಿಯಿತು. ಕೊನೆಗೆ ನರದ ಡಾಕ್ಟರೊಬ್ಬರು ಬಿಳಿ ಮಾತ್ರೆ ಬರೆದುಕೊಟ್ಟರು, ಬೆಳಿಗ್ಗೆ ಒಂದು, ಸಂಜೆ ಒಂದು. ವಾರದಲ್ಲಿ ನೋವು ಹೇಳದೆ ಕೇಳದೆ ಹೊರಟುಹೋಯಿತು. ಆದರೂ ಆ ಕಡೆ ಬ್ಲೇಡು ಇಡಲು ಧೈರ್ಯ ಬರಲಿಲ್ಲ. ಹದಿನೈದು ದಿನಕ್ಕೊಮ್ಮೆ ಅವರ ಅಕ್ಕ ಬಟ್ಟೆ ಕತ್ತರಿಯಿಂದ ಮೇಲೆ ಮೇಲೆ ಸವರಿಕೊಡುತ್ತಿದ್ದಳು.

ನೋವಿನ ಜೊತೆಗೆ ಇನ್ನೂ ಏನೇನೋ ಹೊರಟುಹೋಗಿತ್ತು. ಅದನ್ನು ಮೊದಲು ಗಮನಿಸಿದ್ದು ಅಕ್ಕನೇ. ಗಂಡ ಸತ್ತ ಮೇಲೆ ತಮ್ಮನ ಜೊತೆಗೇ ಇದ್ದವಳು, ಹೊಲಿಗೆ ಯಂತ್ರವನ್ನು ಕಿಟಕಿಗೆ ತಾಗಿಸಿ ಇಟ್ಟುಕೊಂಡು ಬೀದಿಯವರ ಪ್ಯಾಂಟು, ಫ್ರಾಕು ಮಡಚಿ ಹೊಲಿಯುವವಳು. ಇಬ್ಬರನ್ನೂ ಎತ್ತಿ ಆಡಿಸಿದ ಚಿಕ್ಕಮ್ಮ ತೀರಿಕೊಂಡ ದಿನ ತಮ್ಮನು ಹೆಣದ ಪಕ್ಕ ಕೈಕಟ್ಟಿ ನಿಂತಿದ್ದ ರೀತಿ ಅವಳಿಗೆ ಸರಿಬೀಳಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅಂದಳು:

"ಲಿಫ್ಟಿಗೆ ಕಾಯ್ತಾ ನಿಂತವನ ಹಾಗೆ ನಿಂತಿದ್ದೆ ಕಣೋ. ಬಂದ್ರೆ ಹತ್ತಿ ಹೋಗೋಣ ಅನ್ನೋ ಥರ."

ಮೇಸ್ತ್ರಿ ಅದನ್ನು ಒಪ್ಪಿಕೊಂಡರು. ಅಳು ಬರಲಿ ಎಂದು ತಾನೂ ಕಾದೆ, ಬರಲಿಲ್ಲ ಎಂದರು. ಬರಲಿಲ್ಲವಲ್ಲ ಎಂಬ ಬೇಸರವೂ ಇರಲಿಲ್ಲ. ಒಳಗೆ ಯಾರೋ ಹೊರಗಿನ ಲೋಕಕ್ಕೂ ತನಗೂ ನಡುವೆ ದಪ್ಪ ಹತ್ತಿ ತುಂಬಿಟ್ಟಿದ್ದಾರೆ. ಆ ಕಡೆ ಏನು ಬಿದ್ದರೂ ಈ ಕಡೆಗೆ ಬರೀ ಬಿದ್ದ ಸುದ್ದಿ ಬರುತ್ತದೆ.

ಶನಿವಾರ ಮಾತ್ರ ತಪ್ಪಿಸುತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ನಾಲ್ಕಕ್ಕೆ ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ನಾಲ್ಕು ಜನ ಸೇರುತ್ತಿದ್ದರು: ಅಂಗಡಿಯ ಮಾಲೀಕ, ಎಲ್ಲರೂ ಅವನನ್ನು ಕನ್ನಡಕ ಎಂದೇ ಕರೆಯುತ್ತಿದ್ದರು, ಬ್ಯಾಂಕಿನಿಂದ ನಿವೃತ್ತರಾದ ಕ್ಯಾಷಿಯರ್ ಮೇಡಂ, ಹೈಸ್ಕೂಲಿನ ಲೆಕ್ಕದ ಮೇಷ್ಟ್ರು, ಮತ್ತೆ ಇವರು, ಅಲ್ಲಿ ಬರೀ ಲಿಫ್ಟು. ನಾಲ್ವರನ್ನೂ ಒಂದೇ ಬೆಂಚಿಗೆ ತಂದು ಕೂರಿಸಿದ್ದು ಒಬ್ಬ ರಾಕ್ ಹಾಡುಗಾರ. ಈಗ ಎಪ್ಪತ್ತು ದಾಟಿದವನು, ಗಂಟಲು ಜಲ್ಲಿ ಕಲ್ಲಿನಂತಾಗಿದ್ದರೂ ಹಾಡುವುದು ಬಿಡದವನು. ಇವರ ಬಾಯಲ್ಲಿ ಅವನು 'ನಮ್ಮ ಮುದುಕ'. ಅವನು ಅಂಗಡಿಗೆ ಬಿಟ್ಟ ಹಾಡುಗಳು ಊರಿಗೆಲ್ಲ ಗೊತ್ತಿದ್ದವು. ಇವರಿಗೆ ಬೇಕಿದ್ದದ್ದು ಅವಲ್ಲ. ಸಭಾಂಗಣಗಳಲ್ಲಿ, ಗೋದಾಮುಗಳಲ್ಲಿ, ಮಳೆಯಲ್ಲಿ ನೆನೆದ ಮೈದಾನಗಳಲ್ಲಿ ಅವನು ಹಾಡಿದ್ದನ್ನು ಜನ ಕದ್ದುಮುಚ್ಚಿ ಹಿಡಿದಿಟ್ಟ ಕ್ಯಾಸೆಟ್ಟುಗಳು.

ಕ್ಯಾಸೆಟ್ಟು ಒಂದು ಹಾಕಿದರೆ ಇವರ ಜಗಳ ಕೇಳಬೇಕು. ಇದು ಅವನು ಮಂಡಿ ಮುರಿದುಕೊಂಡು ಸ್ಟೂಲಿನ ಮೇಲೆ ಕೂತು ಹಾಡಿದ ವರ್ಷದ್ದೋ, ಅದರ ಹಿಂದಿನದೋ? ಈ ಡ್ರಮ್ಮಿನವನು ಹಳಬನೋ, ಅವನ ಭಾವಮೈದುನನೋ? ಯಾವ ಕ್ಯಾಸೆಟ್ಟಿನಲ್ಲೂ ನಿಧಾನದ ಹಾಡು ಬಂದೊಡನೆ ಜನರ ನಡುವಿನಿಂದ ಒಬ್ಬ ಕೆಮ್ಮುತ್ತಿದ್ದ. ಅವನಿಗೆ ಕೆಮ್ಮಪ್ಪ ಎಂದು ಹೆಸರಿಟ್ಟಿದ್ದರು. ಹನ್ನೊಂದು ಊರಿನ ಹನ್ನೊಂದು ಕಛೇರಿಯಲ್ಲಿ ಕೆಮ್ಮಿದ್ದಾನೆ, ಪಾಪ, ಟಿಕೆಟ್ಟಿಗೆ ಸುರಿದದ್ದನ್ನು ಔಷಧಿಗೆ ಹಾಕಿದ್ದರೆ ವಾಸಿಯಾಗುತ್ತಿತ್ತು ಎಂದು ಕನ್ನಡಕ ಪ್ರತಿ ಸಲವೂ ಹೇಳುತ್ತಿದ್ದ, ಉಳಿದವರು ಪ್ರತಿ ಸಲವೂ ನಗುತ್ತಿದ್ದರು.

ಕೊನೆಯ ತೀರ್ಪು ಮಾತ್ರ ಲಿಫ್ಟಿನದು. ಹಳೆಯ ಕ್ಯಾಸೆಟ್ಟುಗಳು ಒಂದೂ ಸರಿಯಾದ ವೇಗದಲ್ಲಿ ಓಡುವುದಿಲ್ಲ. ಹಿಡಿದವನ ಯಂತ್ರದಲ್ಲಿ ಬ್ಯಾಟರಿ ಇಳಿದಿದ್ದರೆ ಟೇಪು ತೆವಳುತ್ತ ಹಿಡಿದುಕೊಂಡಿರುತ್ತದೆ. ಅದನ್ನೇ ಒಳ್ಳೆಯ ಯಂತ್ರದಲ್ಲಿ ಹಾಕಿದರೆ ಓಡೋಡುತ್ತ, ಸ್ವರ ಏರಿಸಿಕೊಂಡು ಹಾಡುತ್ತದೆ. ಎಷ್ಟು ಇಳಿಸಬೇಕು, ಎಷ್ಟು ಏರಿಸಬೇಕು ಎಂದು ಹೇಳುವ ಕಿವಿ ಇದ್ದದ್ದು ಇವರೊಬ್ಬರಿಗೆ. ಕನ್ನಡಕ ಕಂಪ್ಯೂಟರಿನಲ್ಲಿ ವೇಗವನ್ನು ಚೂರು ಚೂರೇ ಸರಿಸುತ್ತ ಹೋಗುತ್ತಿದ್ದ, ಉಳಿದವರು ಲಿಫ್ಟಿನ ಮುಖ ನೋಡುತ್ತಿದ್ದರು. ಸರಿಯಾದ ಜಾಗ ಬಂದಾಗ ಇವರ ಹುಬ್ಬು ತಾನಾಗಿ ಮೇಲೆ ಹಾರುತ್ತಿತ್ತು. ಹುಬ್ಬು ಹಾರಿತೆಂದರೆ ಕೋರ್ಟು ತೀರ್ಪು ಕೊಟ್ಟಂತೆ. ಬೇರೆ ದೇಶಗಳಿಂದಲೂ ಅಭಿಮಾನಿಗಳು ಇಲ್ಲಿಗೇ ಕಳಿಸಿ ಸರಿಮಾಡಿಸಿಕೊಳ್ಳುತ್ತಿದ್ದರು.

ಹಾಗಿರುವಾಗ ಮುದುಕನ ಮಗಳಿಂದಲೇ ಪತ್ರ ಬಂತು. ಅಪ್ಪನ ಹಳೆಯ ಕಛೇರಿಗಳನ್ನು ಒಂದೊಂದಾಗಿ ಅಧಿಕೃತವಾಗಿ ಹೊರತರುತ್ತಿದ್ದೇವೆ, ಗೋದಾಮಿನ ಕಛೇರಿಯದು ಮಾತ್ರ ನಮ್ಮಲ್ಲಿಲ್ಲ, ನಿಮ್ಮಲ್ಲಿರುವ ಲಿಫ್ಟ್ ಟೇಪನ್ನು ಸರಿಯಾದ ವೇಗಕ್ಕೆ ತಂದು ಕಳಿಸುವಿರಾ ಎಂದು.

ಲಿಫ್ಟ್ ಟೇಪು ಎಂದರೆ ಇವರದೇ ಟೇಪು. ಇಪ್ಪತ್ನಾಲ್ಕನೇ ವಯಸ್ಸಿನಲ್ಲಿ, ಆ ಗೋದಾಮಿನ ಸರಕು ಲಿಫ್ಟು ಕೆಟ್ಟಿದೆ ಎಂದು ಕರೆಸಿದ್ದಾಗ, ರಿಪೇರಿ ಮುಗಿದರೂ ಮುಗಿಯದಂತೆ ನಟಿಸಿ, ಊಟದ ಡಬ್ಬಿಯಲ್ಲಿಟ್ಟ ಯಂತ್ರವನ್ನು ಲಿಫ್ಟಿನ ಜಾಲರಿ ಬಾಗಿಲಿಗೆ ನೇತುಹಾಕಿ ಹಿಡಿದದ್ದು. ಅಂದು ಬ್ಯಾಟರಿ ಹೊಸದಲ್ಲ. ಆದ್ದರಿಂದ ಈ ಟೇಪು ಅರ್ಧ ಸ್ವರ ಏರಿ ಓಡುತ್ತದೆ ಎಂದು ಮೂವತ್ತು ವರ್ಷದಿಂದ ಇವರೇ ಎಲ್ಲರಿಗೂ ಹೇಳುತ್ತ ಬಂದಿದ್ದರು.

ಕಳಿಸುವ ಮೊದಲು ಕೊನೆಯ ಸಲ ಕೇಳಿ ನೋಡೋಣವೆಂದು ಆ ಶನಿವಾರ ಹಾಕಿದರು. ಮೂರನೇ ಹಾಡಿಗೆ ಮುಂಚೆ ಮುದುಕ, ಆಗ ಇನ್ನೂ ಮುದುಕನಲ್ಲ, ಮೌತ್ ಆರ್ಗನ್ನಿನಲ್ಲಿ ಒಂದೇ ಸ್ವರವನ್ನು ಉಸಿರು ಮುಗಿಯುವ ತನಕ ಎಳೆಯುತ್ತಾನೆ. ಲಿಫ್ಟು ಕೈ ಎತ್ತಿದರು.

"ಸರಿಯಾಗೇ ಇದೆ. ಮುಟ್ಟಬೇಡ."

ಕನ್ನಡಕ ಕಂಪ್ಯೂಟರಿನಿಂದ ಕೈ ತೆಗೆದ. ಕ್ಯಾಷಿಯರ್ ಮೇಡಂ ಮಾತ್ರ, ಅರ್ಧ ಸ್ವರ ಹೆಚ್ಚಿದೆ ಅಂತ ಮೂವತ್ತು ವರ್ಷ ನಮ್ಮ ತಲೆ ತಿಂದವರು ನೀವೇ ಅಲ್ಲವೇ ಎಂದರು. ನಡುವೆ ಅವನು ಜನರ ಜೊತೆ ಮಾತಾಡುವಾಗ ಮೂಗು ಹಿಡಿದುಕೊಂಡು ಮಾತಾಡಿದ ಹಾಗೆ ಕೇಳುತ್ತಿದೆ ಎಂದೂ ಸೇರಿಸಿದರು. ಲಿಫ್ಟು, ಅಷ್ಟು ವರ್ಷ ತಪ್ಪು ತಿಳಿದಿದ್ದೆ ಎಂದುಬಿಟ್ಟರು. ಹುಬ್ಬು ಹಾರಿರಲಿಲ್ಲ, ಈ ನಡುವೆ ಯಾವುದಕ್ಕೂ ಹಾರುತ್ತಿರಲಿಲ್ಲ. ಮಾತ್ರೆಯ ಮೇಲೆ ಹಾಕಿ ಎಲ್ಲರೂ ಅದನ್ನು ಬಿಟ್ಟುಬಿಟ್ಟಿದ್ದರು.

ಆಮೇಲೆ ಆದದ್ದು ಅಂಥವರ ಕೋಣೆಯಲ್ಲಿ ಮಾತ್ರ ಆಗುವಂಥದು. ಕಿವಿಗೆ ಸರಿಕಾಣದ್ದನ್ನು ಸರಿ ಎಂದು ಲಿಫ್ಟು ಹೇಳಿದ ಮೇಲೆ ಅದಕ್ಕೊಂದು ಕಾರಣ ಇರಲೇಬೇಕು. ಲೆಕ್ಕದ ಮೇಷ್ಟ್ರು ಒಂದೇ ವಾರದಲ್ಲಿ ಕಾರಣ ಹುಡುಕಿ ತಂದರು, ನಾಲ್ಕು ಪುಟ. ಮುದುಕನ ಪೆಟ್ಟಿಗೆಯಲ್ಲಿ ಹನ್ನೆರಡು ಮೌತ್ ಆರ್ಗನ್ನು ಇರುತ್ತಿದ್ದವು; ಅಂದು ಗೋದಾಮಿನ ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಪಕ್ಕದ್ದು; ಅರ್ಧ ಸ್ವರ ಮೇಲಿನದು; ಗಿಟಾರಿನವರು ಗಡಿಬಿಡಿಯಲ್ಲಿ ತಂತಿ ಬಿಗಿಸಿಕೊಂಡರು; ಅದಕ್ಕೇ ಎರಡನೇ ಹಾಡಿನ ನಂತರ ಅಷ್ಟು ಹೊತ್ತು ನಿಶ್ಶಬ್ದ. ಓದಿ ಮುಗಿಸಿದಾಗ ಕನ್ನಡಕ ಎದ್ದು ಮೇಷ್ಟ್ರ ಕೈ ಕುಲುಕಿದ. ಮೇಡಂ ಕಿವಿಯ ಯಂತ್ರ ಹಾಕಿಸಿಕೊಳ್ಳುವ ಕಾಲ ಬಂತೇನೋ ಎಂದು ತಮ್ಮನ್ನು ತಾವೇ ಹಾಸ್ಯ ಮಾಡಿಕೊಂಡು ಸುಮ್ಮನಾದರು. ಟೇಪೂ ನಾಲ್ಕು ಪುಟವೂ ಒಟ್ಟಿಗೆ ಹೋದವು. ಮುದುಕನ ಮಗಳು ಅಷ್ಟೇ ಬೇಗ ಉತ್ತರ ಬರೆದಳು: ಆ ನಾಲ್ಕು ಪುಟವನ್ನು ರೆಕಾರ್ಡಿನ ಜೊತೆಗೇ ಅಚ್ಚು ಹಾಕಿಸುತ್ತೇವೆ, ಈ ತಿಂಗಳ ಕೊನೆಯ ಸೋಮವಾರ ರೆಕಾರ್ಡು ತಯಾರಿಗೆ ಹೋಗುತ್ತದೆ.

ಮೆಟ್ಟಿಲ ಮೇಲೆ ಪುಟ್ಟಿ ಆ ಪ್ರಶ್ನೆ ಕೇಳಿದ ಮೂರನೇ ದಿನ, ಅಕ್ಕ ಅವಳ ಫ್ರಾಕು ಮಡಚಿ ಹೊಲಿದು ತಮ್ಮನ ಕೈಯಲ್ಲಿ ಕೊಟ್ಟುಕಳಿಸಿದಳು. ಕೆಳಮನೆಯಲ್ಲಿ ತಾಯಿ ನೆಲದ ಮೇಲೆ ಕೂತು ಇಸ್ತ್ರಿ ಮಾಡುತ್ತಿದ್ದಳು. ಪುಟ್ಟಿ ಆಟದ ಪಿಯಾನೊದ ಹಳದಿ ಪಟ್ಟಿಯನ್ನು ಒಂದೇ ಸಮನೆ ಕುಟ್ಟುತ್ತಿದ್ದಳು. ಎಂಟೇ ಪಟ್ಟಿ, ಎಂಟು ಬಣ್ಣ.

"ಬ್ಯಾಟರಿ ಇಳಿದಿದೆ ನೋಡಮ್ಮ, ಬದಲಾಯಿಸು," ಎಂದರು ಮೇಸ್ತ್ರಿ, ಫ್ರಾಕು ಕೊಡುತ್ತ.

"ಇದಕ್ಕೆ ಬ್ಯಾಟರಿನೇ ಇಲ್ಲ ಅಂಕಲ್. ಒಳಗೆ ಬರೀ ಕಬ್ಬಿಣದ ಪಟ್ಟಿ. ಹೋದ ವರ್ಷ ನೀವೇ ಅಲ್ವಾ ಬಿಚ್ಚಿ ತೋರಿಸಿದ್ದು?"

ಹೌದು, ತೋರಿಸಿದ್ದರು. ಅಷ್ಟೇ ಅಲ್ಲ, ಹಳದಿ ಪಟ್ಟಿ ಸರಿಯಾದ ವೇಗದಲ್ಲಿ ಕೇಳಿದ ಮುದುಕನ ಮೌತ್ ಆರ್ಗನ್ನಿನ ಆ ಉದ್ದ ಸ್ವರಕ್ಕೆ ಕೂದಲೆಳೆಯಷ್ಟೂ ತಪ್ಪದೆ ಕೂರುತ್ತದೆ, ಸಂತೆಯ ಆಟಿಕೆಗೆ ಇಷ್ಟು ನಿಯತ್ತು ಇರಬಾರದು ಎಂದು ಆ ದಿನ ಮೂರು ಸಲ ಹೇಳಿದ್ದರು. ಈಗ ಅದೇ ಪಟ್ಟಿ ಅರ್ಧ ಸ್ವರ ಕೆಳಗೆ ಕೂತು ಕೂಗುತ್ತಿತ್ತು. ಕಬ್ಬಿಣ ಸೊರಗುವುದಿಲ್ಲ. ಅವರು ಬಾಗಿಲ ಚೌಕಟ್ಟಿಗೆ ಕೈ ಊರಿ, ಇನ್ನೊಂದು ಸಲ ಒತ್ತು ಪುಟ್ಟಿ ಎಂದರು. ಅವಳು ಒತ್ತಿದಳು. ಇನ್ನೊಂದು ಸಲ ಎಂದರು.

ಎಂಟು ತಿಂಗಳಲ್ಲಿ ಮೂರು ಕಟ್ಟಡಗಳಲ್ಲಿ ಲಿಫ್ಟು ಬಂದಾಗ ಬಾರಿಸುವ ಗಂಟೆ ಸುಸ್ತಾಗಿದೆ ಎಂದು ತಾವೇ ಬರೆದು, ಕಿತ್ತು, ಹೊಸದು ಹಾಕಿದ್ದರು. ಹೊಸವೂ ಸುಸ್ತಾಗಿಯೇ ಇದ್ದವು. ಈಗಿನ ಕಂಪನಿಗಳು ಮೋಸ ಎಂದು ಬೈದಿದ್ದರು. ಅವೆಲ್ಲ ಅಲ್ಲಿ ನಿಂತಲ್ಲೇ ಒಂದರ ಹಿಂದೊಂದು ಬಂದು ಸಾಲಾಗಿ ನಿಂತವು.

ಏನಾಯಿತು ಅಂಕಲ್ ಎಂದು ಕೇಳಿದಾಗ ಅವರು ಆದದ್ದನ್ನೆಲ್ಲ ನೆಟ್ಟಗೆ ಹೇಳಿದರು, ಟೇಪಿನ ವಿಷಯ, ಮೇಷ್ಟ್ರ ನಾಲ್ಕು ಪುಟ, ಸೋಮವಾರ. ತಾಯಿ ಇಸ್ತ್ರಿ ಪೆಟ್ಟಿಗೆಯ ಪ್ಲಗ್ಗು ಕಿತ್ತಳು. ಮಗಳಿಗೆ ಜ್ವರದ ಔಷಧಿ ತಂದರೂ ಒಳಗಿನ ಚೀಟಿಯನ್ನು ಪೂರ್ತಿ ಓದಿ, ಹೊತ್ತು ಹೊತ್ತಿಗೆ ಕೊಟ್ಟದ್ದನ್ನು ತನ್ನ ಪುಸ್ತಕದಲ್ಲಿ ಬರೆದಿಡುವ ಹೆಂಗಸು ಅವಳು. ಮಾತ್ರೆಯ ಡಬ್ಬಿ ತನ್ನಿ ಎಂದಳು. ಮಡಿಕೆ ಮಡಿಕೆಯಾಗಿದ್ದ ಚೀಟಿಯನ್ನು ಬೆಳಕಿಗೆ ಹಿಡಿದು, ಇರುವೆಯಂಥ ಅಕ್ಷರಗಳ ಮೇಲೆ ಬೆರಳು ಓಡಿಸುತ್ತ ಹೋದಳು. ವಾಕರಿಕೆ, ತಲೆ ಸುತ್ತು, ಚರ್ಮದಲ್ಲಿ ಗುಳ್ಳೆ. ಕೊನೆಯ ಸಾಲುಗಳಲ್ಲಿ ಬೆರಳು ನಿಂತಿತು.

"ತೀರಾ ಅಪರೂಪಕ್ಕೆ, ಸ್ವರದ ಎತ್ತರ ಬೇರೆಯಾಗಿ ಕೇಳಿಸಬಹುದು. ಹೀಗೆ ಬರೆದಿದ್ದಾರೆ ಅಂಕಲ್. ಮಾತ್ರೆ ಶುರು ಮಾಡಿದ್ದು ಯಾವಾಗ?"

"ಎಂಟು ತಿಂಗಳಾಯ್ತು."

"ನಿಲ್ಲಿಸೋಕೆ ಮಾತ್ರ ಹೋಗಬೇಡಿ. ಮೊದಲು ಡಾಕ್ಟರಿಗೆ ಫೋನ್ ಮಾಡಿ."

ಆ ಮಾತು ಅವರಿಗೆ ಹೇಳಬೇಕಾಗಿರಲಿಲ್ಲ. ಒಂದು ಸಲ ಎರಡು ಹೊತ್ತಿನ ಮಾತ್ರೆ ಮರೆತು, ಒಂಬತ್ತು ಮಹಡಿಯ ಕಟ್ಟಡದಲ್ಲಿ ಲಿಫ್ಟಿನ ತಲೆಯ ಮೇಲೆ ಕೂತು ಕೆಲಸ ಮಾಡುತ್ತಿದ್ದಾಗ ಬಡಿದಿತ್ತು. ಸ್ಪ್ಯಾನರು ಕೈಯಿಂದ ಜಾರಿ ಕೆಳಗೆ ಬಿದ್ದ ಸದ್ದೂ ಕೇಳಿಸಿರಲಿಲ್ಲ. ಡಾಕ್ಟರು ಫೋನಿನಲ್ಲಿ, ಹೌದು, ಹಾಗಾಗುವುದುಂಟು, ಮಾತ್ರೆ ಬಿಟ್ಟರೆ ಕಿವಿ ಮೊದಲಿನಂತಾಗುತ್ತದೆ, ಆದರೆ ನಿಮ್ಮ ಕೆನ್ನೆಗೆ ಈ ಮಾತ್ರೆಯೇ ಹಿಡಿಸಿರುವುದರಿಂದ ಸದ್ಯಕ್ಕೆ ಬಿಡುವ ಮಾತಿಲ್ಲ, ಮುಂದಿನ ಸಲ ಬಂದಾಗ ನೋಡೋಣ ಎಂದರು. ಕಿವಿಯಿಂದ ನಿಮಗೆ ಅಂಥ ತೊಂದರೆಯೇನೂ ಇಲ್ಲವಲ್ಲ ಎಂದೂ ಕೇಳಿದರು. ಇಲ್ಲ ಎಂದರು ಮೇಸ್ತ್ರಿ.

ಮೇಲಿನ ಕೋಣೆಯಲ್ಲಿ ಕೂತು ಅವರು ಪಟ್ಟಿ ಹಾಕಿದರು. ಎಂಟು ತಿಂಗಳಲ್ಲಿ ತಾವು ವೇಗ ತಿದ್ದಿ ಕಳಿಸಿದ ಟೇಪುಗಳು ಮೂವತ್ತೇಳು. ಸರಿಯಾಗಿದ್ದವನ್ನು ಇಳಿದಿವೆ ಎಂದು ತಿಳಿದು ಏರಿಸಿದ್ದರು. ಎಲ್ಲೆಲ್ಲೋ ಕೂತ ಅಭಿಮಾನಿಗಳು ಮುದುಕನನ್ನು ಈಗ ಅರ್ಧ ಸ್ವರ ಮೇಲೆ ಕೇಳುತ್ತ, ತಲೆದೂಗುತ್ತ ಇರುತ್ತಾರೆ. ಅವು ಪತ್ರ ಬರೆದರೆ ಸರಿಹೋಗುವಂಥವು. ಲಿಫ್ಟ್ ಟೇಪು ಹಾಗಲ್ಲ. ಸೋಮವಾರ ಹೋಯಿತೆಂದರೆ ಅದೇ ಶಾಶ್ವತ. ಮೂಗು ಹಿಡಿದ ಆ ದನಿಯೇ ಇನ್ನು ಮುಂದೆ ಆ ಕಛೇರಿಯ ದನಿ.

ಮುದುಕನ ಮಗಳಿಗೆ ತಾವೇ ನೇರವಾಗಿ ಬರೆದುಬಿಡಲೇ ಎಂದು ಒಮ್ಮೆ ಯೋಚಿಸಿದರು. ಪತ್ರವ್ಯವಹಾರವೆಲ್ಲ ನಾಲ್ವರ ಹೆಸರಲ್ಲಿತ್ತು. ಒಬ್ಬನೇ ಬರೆದು ಮೂವರನ್ನು ಸುಳ್ಳುಗಾರರನ್ನಾಗಿ ಮಾಡುವುದು, ಅದೂ ತನ್ನ ತಪ್ಪಿಗೆ, ಆಗದ ಮಾತು. ನಾಚಿಕೆಯಾಗಬೇಕಿತ್ತು. ಎದೆ ಧಸಕ್ಕೆನ್ನಬೇಕಿತ್ತು. ಪಕ್ಕದ ಮನೆಯವರ ಕರೆಂಟ್ ಬಿಲ್ಲು ತಪ್ಪಿ ತನ್ನ ಬಾಗಿಲಿಗೆ ಬಂದಾಗ ಓದುವ ಹಾಗೆ ಅವರು ಪಟ್ಟಿಯನ್ನು ಓದಿದರು, ಮಡಚಿ ಜೇಬಿಗಿಟ್ಟರು. ಆದರೆ ಏನು ಮಾಡಬೇಕೆಂಬುದರಲ್ಲಿ ಅನುಮಾನವಿರಲಿಲ್ಲ. ಅನ್ನಿಸದಿದ್ದರೂ ಮಾಡಬೇಕಾದದ್ದು ಮಾಡಬೇಕಾದದ್ದೇ. ಮರುದಿನ ಹಳೆಯ ಗಂಟೆ ಮೂರನ್ನೂ ತಮ್ಮ ಕಂಪನಿಯ ಸ್ಟೋರಿನಿಂದ ಹುಡುಕಿ ತೆಗೆದು ಆಯಾ ಕಟ್ಟಡದಲ್ಲಿ ಮತ್ತೆ ಹಾಕಿಬಂದರು. ಸೂಪರ್‌ವೈಸರು, ಏನ್ರೀ, ಗಂಟೆಗಳಿಗೆ ತವರುಮನೆ ಸುತ್ತಿಸ್ತಿದೀರಾ ಎಂದು ಕಾಲೆಳೆದ.

ಶನಿವಾರ ಕನ್ನಡಕದ ಅಂಗಡಿಯಲ್ಲಿ ಮಾತ್ರೆಯ ಚೀಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟು ವಿಷಯ ಹೇಳಿದರು. ತಮ್ಮ ಕಿವಿ ಅರ್ಧ ಸ್ವರ ಇಳಿದಿದೆ, ಟೇಪು ಏರಿಯೇ ಇದೆ, ಮೊದಲು ಹೇಳಿದ್ದೇ ಸರಿ, ಆ ಕೊನೆಯ ಸೋಮವಾರ ಬರಲು ಇನ್ನೂ ಒಂಬತ್ತು ದಿನವಿದೆ, ಬರೆದು ತಿದ್ದಿಸೋಣ. ಕನ್ನಡಕ ಚೀಟಿಯನ್ನು ಓದದೆಯೇ ತಿರುಗಿಸಿಟ್ಟ.

"ನಿನ್ನ ಕಿವಿ ಕೆಟ್ಟಿದೆ ಅಂದ್ರೆ ನಮ್ಮದನ್ನೆಲ್ಲ ಎಲ್ಲಿ ಎಸೆಯೋಣ ಲಿಫ್ಟು? ಮೈಗೆ ಹುಷಾರಿಲ್ಲದವರಿಗೆ ಇಂಥ ಅನುಮಾನ ಎಲ್ಲ ಬರುತ್ತೆ. ಬಿಡು."

ಮೇಷ್ಟ್ರು ಅಷ್ಟು ಸುಲಭವಾಗಿ ಬಿಡಲಿಲ್ಲ. ಕಿವಿ ಇಳಿದಿರುವುದು ಬೇರೆ, ಟೇಪು ಏರಿರುವುದು ಬೇರೆ, ಒಂದರಿಂದ ಇನ್ನೊಂದು ಸಾಬೀತಾಗುವುದಿಲ್ಲ ಎಂದು ತರಗತಿಯಲ್ಲಿ ಹೇಳುವ ದನಿಯಲ್ಲೇ ಹೇಳಿದರು. ಆಟದ ಪಿಯಾನೊ ಸಾಕ್ಷಿ ನಡೆಯುವುದಿಲ್ಲ; ಪೆಟ್ಟಿಗೆಯಲ್ಲಿ ಹನ್ನೆರಡು ಮೌತ್ ಆರ್ಗನ್ನು ಇದ್ದವಲ್ಲ. ಅವರ ನಾಲ್ಕು ಪುಟ ಈಗ ಅಚ್ಚಿಗೆ ಹೋಗಿತ್ತು, ಅದನ್ನು ಬಾಯಿಬಿಟ್ಟು ಯಾರೂ ಹೇಳಲಿಲ್ಲ. ಮೇಡಂ ಮೂಗಿನ ಮೇಲಿನ ಕನ್ನಡಕವನ್ನು ಸರಿಪಡಿಸಿಕೊಂಡು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕನ್ನಡಕ, ವಾದವೇ ಬೇಡ, ಎರಡೂ ಹಾಕಿ ಕೇಳೋಣ ಎಂದ. ಏರಿದ್ದನ್ನು ಹಾಕಿದ, ಇಳಿಸಿದ್ದನ್ನು ಹಾಕಿದ. ಹಾಕುವಾಗ ಮೂವರೂ ಅಭ್ಯಾಸಬಲದಿಂದ ಲಿಫ್ಟಿನ ಮುಖವನ್ನೇ ನೋಡುತ್ತಿದ್ದರು. ಮುಖ ಎರಡಕ್ಕೂ ಒಂದೇ ಆಗಿತ್ತು. ಅರ್ಧ ಬೋಳಿಸಿದ, ಏನನ್ನೂ ಹೇಳದ ಮುಖ.

"ನೋಡಿದ್ರಾ?" ಎಂದ ಕನ್ನಡಕ. "ಇವನಿಗೇ ವ್ಯತ್ಯಾಸ ಕಾಣ್ತಿಲ್ಲ. ಹೋಗಿರೋದು ಹೋಗಿದೆ, ಸುಮ್ನಿರಿ."

ಮೇಡಂ ತೆರೆದ ಬಾಯನ್ನು ಮುಚ್ಚಿಕೊಂಡರು. ಆಮೇಲೆ ಕೆಮ್ಮಪ್ಪನ ಮಾತು ಬಂತು, ನಗು ಬಂತು.

ಮನೆಗೆ ಬಂದು ಅಕ್ಕನಿಗೆ ಹೇಳಿದಾಗ ಅವಳು ಸೂಜಿಗೆ ದಾರ ಪೋಣಿಸುವುದನ್ನು ನಿಲ್ಲಿಸಿದಳು. ಸಿಟ್ಟು ಬರಲಿಲ್ಲವೇನೋ ನಿನಗೆ, ಮೇಜು ಗುದ್ದಿ ಹೇಳಬೇಕಿತ್ತು, ಆಗ ನಂಬುತ್ತಿದ್ದರು ಎಂದಳು. ಅದೇ ಬರಲಿಲ್ಲ ಎಂದರು. ಬಂದಂತೆ ನಟಿಸಬಹುದಿತ್ತೇನೋ, ಅಷ್ಟು ಹೊತ್ತಿಗೆ ನೆನಪಾಗಲಿಲ್ಲ. ಮುಖದ ಮೇಲೆ ಏನನ್ನೂ ತರಲಾಗದವನು ಆ ಕೋಣೆಯಲ್ಲಿ ಕೂತಿರುವ ತನಕ ಉಳಿದ ಮೂವರ ಕಿವಿ ಕೆಲಸ ಮಾಡುವುದಿಲ್ಲ ಎಂಬುದು ಮಾತ್ರ ಅವರಿಗೆ ಆ ಹೊತ್ತಿಗೆ ಗೊತ್ತಾಗಿತ್ತು.

ಬುಧವಾರ ಸಂಜೆ ಐದಕ್ಕೆ, ಪುಟ್ಟಿ ಹಾಲು ಕುಡಿಯಲು ಹಟ ಮಾಡುತ್ತಿದ್ದ ಹೊತ್ತಿನಲ್ಲಿ, ಅವರು ಕೆಳಮನೆಯ ಬಾಗಿಲು ತಟ್ಟಿದರು. ಒಳಗೆ ಬನ್ನಿ ಎಂದರೂ ಬರಲಿಲ್ಲ. ಶನಿವಾರ ನಡೆದದ್ದನ್ನು ಹೊಸ್ತಿಲ ಹೊರಗೇ ನಿಂತು ಹೇಳಿದರು. ತಾಯಿ ಲೋಟವನ್ನು ಮಗಳ ತುಟಿಗೆ ಹಿಡಿದುಕೊಂಡೇ ಕೇಳಿದಳು. ಅವಳಿಗೆ ಆ ಹಾಡುಗಾರನ ಒಂದು ಹಾಡೂ ಗೊತ್ತಿರಲಿಲ್ಲ, ಅದನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಅದಕ್ಕೇ ಬಂದೆ ಎಂದರು ಮೇಸ್ತ್ರಿ. ಎಷ್ಟು ಹೊತ್ತಿನ ಕೆಲಸ, ಪುಟ್ಟಿಯನ್ನು ಯಾರು ನೋಡಿಕೊಳ್ಳುವುದು ಎಂದು ಕೇಳಿದಳು. ಅಕ್ಕ ನೋಡಿಕೊಳ್ಳುತ್ತಾಳೆ, ಒಂದು ಗಂಟೆ ಎಂದು ಹೇಳಿ, ಜೇಬಿನಿಂದ ಒಂದು ಕಾಗದ ತೆಗೆದರು. ಅದರಲ್ಲಿ ಅಂಗಡಿಯ ದಾರಿ ಬರೆದಿತ್ತು. ಯಾವ ತಿರುವು, ಯಾವ ಬೋರ್ಡು ಎಂದೆಲ್ಲ. ಅದರ ಮೇಲೆ ಲಿಫ್ಟ್ ಟೇಪಿನ ಎರಡು ಸಣ್ಣ ಕ್ಯಾಸೆಟ್ಟು ಇಟ್ಟರು, ಏರಿದ್ದೊಂದು, ಇಳಿಸಿದ್ದೊಂದು. ಒಂದರ ಮೇಲೆ ನೀಲಿ ಚುಕ್ಕೆ, ಇನ್ನೊಂದರ ಮೇಲೆ ಕೆಂಪು ಚುಕ್ಕೆ.

"ಯಾವುದು ಯಾವುದು ಅಂತ ನಿನಗೂ ಹೇಳಲ್ಲಮ್ಮ, ಹೇಳಿದ್ರೆ ನಿನ್ನ ಮುಖ ನೋಡ್ತಾರೆ. ಶನಿವಾರ ನಾಲ್ಕಕ್ಕೆ ನೀನು ಹೋಗಬೇಕು, ನಾನು ಬರಲ್ಲ. ನಾನು ಕಳಿಸಿದ್ದು ಅಂತ ಹೇಳು, ಕೂತ್ಕೊ, ಎರಡನ್ನೂ ಹಾಕಿಸು. ಅವನು ಜನರ ಜೊತೆ ಮಾತಾಡೋ ಜಾಗ ಬಂದಾಗ ನಿಲ್ಲಿಸಿ, ಯಾವುದರಲ್ಲಿ ಮನುಷ್ಯ ಮಾತಾಡ್ತಿದಾನೆ ಅಂತ ಕೇಳು. ಆದರೆ ಇನ್ನಿಬ್ಬರು ಬಾಯಿ ತೆಗೆಯೋ ಮುಂಚೆ ಕ್ಯಾಷಿಯರ್ ಮೇಡಂ ಅವರನ್ನೇ ನೀನು ಕೇಳಬೇಕು. ಅವರು ಹೇಳಿ ಮುಗಿಸೋ ತನಕ ಯಾರನ್ನೂ ಮಾತಾಡೋಕೆ ಬಿಡಬೇಡ. ಇಷ್ಟು ಮಾಡ್ತೀಯಾ?"